ಬಾಡಿಗೆ ಮನೆಯೊಳಗೊಂದು ‘ಯಾಕೋ’

ಟೀಚರಮ್ಮ: ಬೇಡ ರೀ, ಈ ಮನೆ ಬೇಡ.

ಸಾಹೇಬರು: ಅದೇ, ಯಾಕೆ ಅಂತ ಕೇಳ್ತಿದೀನಿ.

ಟೀಚರಮ್ಮ: ಯಾಕೋ.

ಬ್ರೋಕರ್: ಮೇಡಂ, ಒಂದು ಮಾತು, ತಪ್ಪು ತಿಳ್ಕೋಬೇಡಿ. ಆಗಿಂದ ನೋಡ್ತಿದೀನಿ, ಮಾತೆತ್ತಿದ್ರೆ ನನ್ನ ಮುಖ ನೋಡ್ಕೊಂಡು ‘ಯಾಕೋ, ಯಾಕೋ’ ಅಂತೀರಿ. ನನಗೂ ಮದುವೆಗೆ ಬಂದ ಮಗಳಿದಾಳೆ. ಏಕವಚನ ಬೇಡ.

ಟೀಚರಮ್ಮ: ಅಯ್ಯೋ, ನಿಮಗಂದಿದ್ದಲ್ಲಪ್ಪ ಅದು.

ಬ್ರೋಕರ್: ಮತ್ತೆ ಸಾರ್‌ಗೆ ಅಂದಿದ್ದಾ? ಹಾಗಿದ್ರೆ ಬಿಡಿ, ಅದು ನಿಮ್ಮ ಸಂಸಾರದ ವಿಷಯ. ನಾನು ಮಧ್ಯೆ ಬಾಯಿ ಹಾಕಲ್ಲ.

ಸಾಹೇಬರು: ಯಾರಿಗೂ ಅಂದಿದ್ದಲ್ಲ ಕಣ್ರೀ. ಅದು ಅವಳ ಉತ್ತರ. ನಾನು ‘ಯಾಕೆ’ ಅಂತ ಕೇಳ್ತೀನಿ, ಅವಳು ‘ಯಾಕೋ’ ಅಂತಾಳೆ. ನನ್ನ ಪ್ರಶ್ನೆಗೇ ಒಂದು ಬಾಲ ಅಂಟಿಸಿ ನನಗೇ ವಾಪಸ್ ಕೊಡ್ತಾಳೆ.

ಸಾಹೇಬರೆಂದರೆ ತೂಕ ಮತ್ತು ಅಳತೆ ಇಲಾಖೆಯ ಸಾಹೇಬರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳ ಕಿವಿ ಹಿಂಡುವುದು ಅವರ ಕೆಲಸವಾದ್ದರಿಂದ ವ್ಯಾಪಾರಿಗಳೆಲ್ಲ ಸೇರಿ ಅವರಿಗೆ ತಕ್ಕಡಿ ಸಾಹೇಬರು ಎಂದೇ ಹೆಸರಿಟ್ಟಿದ್ದರು. ಅವರು ಅದನ್ನು ಬೈಗುಳವೆಂದು ತಿಳಿಯದೆ ಬಿರುದೆಂದು ತಿಳಿದಿದ್ದರು. ಅವರ ಹೆಂಡತಿ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ. ಇವರಿದ್ದ ಹಳೆಯ ಮನೆಯನ್ನು ಮಾಲೀಕ ಕೆಡವಲಿಕ್ಕೆ ಹೊರಟಿದ್ದ. ಭಾನುವಾರ ಸಾಮಾನು ಸಾಗಿಸಲು ಲಾರಿ ಬರುವುದು ನಿಶ್ಚಯವಾಗಿತ್ತು. ಆದರೆ ಲಾರಿ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಇನ್ನೂ ನಿಶ್ಚಯವಾಗಿರಲಿಲ್ಲ. ಲೋಟಗಳೆಲ್ಲ ಯಾವುದೋ ರಟ್ಟಿನ ಡಬ್ಬದ ತಳ ಸೇರಿದ್ದರಿಂದ ಸಾಹೇಬರು ಆ ಬೆಳಗ್ಗೆ ಗಡ್ಡ ಮಾಡಿಕೊಳ್ಳುವ ಮಗ್ಗಿನಲ್ಲಿ ಕಾಫಿ ಕುಡಿದು ಬಂದಿದ್ದರು. ಬಾಯಲ್ಲಿನ್ನೂ ಸೋಪಿನ ರುಚಿ ಇತ್ತು.

ಬ್ರೋಕರ್: ಸಾರ್, ಬೇಗ ತೀರ್ಮಾನ ಮಾಡಿ. ಸಂಜೆ ಇನ್ನೊಬ್ಬರು ಬರ್ತಾರೆ. ಅವರು ನೋಡೋದೂ ಇಲ್ಲ, ನೇರವಾಗಿ ಬೀಗದ ಕೈ ಇಸ್ಕೊಳ್ತಾರೆ.

ಸಾಹೇಬರು: ಕೇಳಿದೆಯಾ? ಸಂಜೆ! ಆಮೇಲೆ ಲಾರೀಲೇ ಸಂಸಾರ ಮಾಡೋಣ, ಡ್ರೈವರ್ ಪಕ್ಕ ನೀನು, ಬೀರು ಪಕ್ಕ ನಾನು. ನೋಡೇ, ನೆಲ ಸಮ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿದೀನಿ. ಗುಳ್ಳೆ ನಡುವೆ ನಿಂತಿದ್ದು ಅಲ್ಲಾಡಲಿಲ್ಲ. ಇಂಥ ನೆಲ ನನ್ನ ಸರ್ವೀಸಲ್ಲೇ ನೋಡಿಲ್ಲ. ನಲ್ಲಿ ಸರಿಯಿದೆ, ಕಿಟಕಿ ಸರಿಯಿದೆ, ಬಾಗಿಲು ಕಿರುಗುಟ್ಟಲ್ಲ. ದೋಷ ಅಂದ್ರೆ ಒಂದೇ, ಗೇಟಿನ ಮೇಲಿನ ಮೊನೆಗಳು ಚೂಪು. ಯಾರದ್ದೋ ಬಟ್ಟೆ ಚೂರು ಸಿಕ್ಕಾಕ್ಕೊಂಡಿತ್ತು, ಅದನ್ನೂ ಬಿಡಿಸಿ ಜೇಬಿಗೆ ಹಾಕ್ಕೊಂಡಿದೀನಿ. ಇನ್ನೇನು ಬೇಕು?

ಟೀಚರಮ್ಮ: ಏನೂ ಬೇಡ. ಒಳಗೆ ಕಾಲಿಟ್ಟ ತಕ್ಷಣ ಯಾಕೋ ಏನೋ ಸರಿಯಿಲ್ಲ ಅನ್ನಿಸ್ತು.

ಸಾಹೇಬರು: ಹಿಂದಿನ ಮನೆಗೂ ಯಾಕೋ ಅಂದೆ.

ಟೀಚರಮ್ಮ: ಆ ಮನೆಗೆ ಆಮೇಲೆ ನೀರು ನುಗ್ಗಲಿಲ್ವಾ?

ಸಾಹೇಬರು: ಮಳೆ ಬಂತು, ನುಗ್ತು. ಅದು ಮಳೆ ತಪ್ಪು. ಅದಕ್ಕೂ ಮುಂಚೆ ಒಂದು ನೋಡಿದ್ವಲ್ಲ, ಅದಕ್ಕೂ ಯಾಕೋ ಅಂದೆ. ಈಗ ಅಲ್ಲಿ ನಮ್ಮಾಫೀಸಿನ ಕ್ಯಾಷಿಯರೇ ಇದಾರೆ. ಏನೂ ಆಗಿಲ್ಲ. ಆರಾಮಾಗಿ ಉಂಡ್ಕೊಂಡು ದಪ್ಪ ಆಗಿದಾರೆ.

ಟೀಚರಮ್ಮ: ನೋಡಿದ್ರಾ! ದಪ್ಪ ಆಗಿದಾರೆ.

ಸಾಹೇಬರು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದರು. ಹಾಲ್‌ನ ಒಳ್ಳೆಯ ಗೋಡೆಗೆ ಬ್ರೋಕರ್ ಆಗಲೇ ಒರಗಿ ನಿಂತಿದ್ದ. ಈ ಬ್ರೋಕರ್ ಸಾಮಾನ್ಯವಾಗಿ ಮಹಾ ಚಟುವಟಿಕೆಯ ಆಸಾಮಿ. ಹಿಂದಿನ ಮನೆಗಳಲ್ಲಿ ಇವರಿಗಿಂತ ಮುಂದೆ ಓಡಿ ಓಡಿ ಒಂದೊಂದು ಬಾಗಿಲನ್ನೂ ಅರಮನೆಯ ಬಾಗಿಲೆಂಬಂತೆ ತೆರೆದು ತೋರಿಸಿದ್ದ. ಇವತ್ತು ಮಾತ್ರ ನಿಂತಲ್ಲೇ ನಿಂತು, ಅಡುಗೆಮನೆ ಆ ಕಡೆ, ನೀವೇ ನೋಡ್ಕೊಂಡು ಬನ್ನಿ ಎಂದು ಗದ್ದದಿಂದ ದಿಕ್ಕು ತೋರಿಸುತ್ತಿದ್ದ. ಸಾಹೇಬರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮನುಷ್ಯರನ್ನು ಅಳೆಯುವುದು ಅವರ ಇಲಾಖೆಗೆ ಸೇರಿದ್ದಲ್ಲ.

ಸಾಹೇಬರು: ಅಲ್ಲ ಕಣೇ, ಬುದ್ಧಿ ಅಂತ ಒಂದಿರುತ್ತೆ. ಮನುಷ್ಯ ಆದವನು ನಾಲ್ಕು ಕಡೆ ನೋಡಿ, ಅಳೆದು, ತೂಗಿ, ಆಮೇಲೆ ಹೂಂ ಅಥವಾ ಉಹೂಂ ಅನ್ನಬೇಕು. ನೀನು ಮೊದಲು ಉಹೂಂ ಅಂದುಬಿಡ್ತೀಯ. ಸೀರೆ ಅಂಗಡೀಲಿ ಹಾಗೆ, ಡಾಕ್ಟರ್ ಹತ್ರ ಹಾಗೆ. ಜೀವನದಲ್ಲಿ ಒಂದಾದರೂ ದೊಡ್ಡ ವಿಷಯವನ್ನ ಕಾರಣ ಇಟ್ಕೊಂಡು ತೀರ್ಮಾನ ಮಾಡಿದೀಯ?

ಟೀಚರಮ್ಮ: ಎಲ್ಲಾ ಚೆನ್ನಾಗೇ ಆಗಿದೆಯಲ್ಲ. ನಿಮ್ಮನ್ನ ಒಪ್ಕೊಂಡಿದ್ದೂ ಹಾಗೇ.

ಸಾಹೇಬರು: ಹಾಗೇ ಅಂದ್ರೆ?

ಟೀಚರಮ್ಮ: ಹಾಗೇ ಅಂದ್ರೆ ಹಾಗೇ. ನೀವು ಹೆಣ್ಣು ನೋಡೋಕೆ ಬಂದು ಕೂತ್ರಿ. ಯಾಕೋ ಆಗಬಹುದು ಅನ್ನಿಸ್ತು. ಹೂಂ ಅಂದೆ.

ಸಾಹೇಬರು: ಯಾಕೋ?

ಬ್ರೋಕರ್: ಸಾರ್, ಮೇಡಂಗೆ ಹಾಗನ್ನಬಾರದು. ಹೆಂಗಸರಿಗೆ ‘ಯಾಕೇ’ ಅನ್ನಬೇಕು.

ಸಾಹೇಬರು: ನೀವು ಸುಮ್ಮನಿರ್ರೀ!... ಕೆಲಸ ನೋಡಿ ಒಪ್ಪಲಿಲ್ವಾ?

ಟೀಚರಮ್ಮ: ಏನು ಕೆಲಸ ಅಂತ ನನಗೆ ಆಮೇಲೇ ಗೊತ್ತಾಗಿದ್ದು.

ಸಾಹೇಬರು: ಗುಣ?

ಟೀಚರಮ್ಮ: ಅರ್ಧ ಗಂಟೇಲಿ ಗುಣ ಎಲ್ಲಿ ಕಾಣುತ್ತೆ ರೀ?

ಸಾಹೇಬರು: ಹೋಗಲಿ, ರೂಪ?

ಟೀಚರಮ್ಮ ಕಿಟಕಿಯಾಚೆ ನೋಡಿದರು. ಬ್ರೋಕರ್ ಚಾವಣಿ ನೋಡಿದ. ಇಷ್ಟು ವರ್ಷ ಸಾಹೇಬರು, ತಮ್ಮನ್ನು ಸರಿಯಾದ ತಕ್ಕಡಿಯಲ್ಲಿಟ್ಟು ತೂಗಿಯೇ ಇವಳು ಆರಿಸಿಕೊಂಡಿದ್ದಾಳೆಂದು ನಂಬಿದ್ದರು ಪಾಪ. ಈಗ ನೋಡಿದರೆ ತೂಗಿಯೇ ಇಲ್ಲ. ಅವರಿಗೆ ನಿಜವಾಗಿಯೂ ದುಃಖವಾಯಿತು. ದುಃಖವಾದಾಗಲೆಲ್ಲ ಅವರು ಏನನ್ನಾದರೂ ಅಳೆಯುವವರು. ಈ ಸಲ ಹೆಂಡತಿಯ ಯಾಕೋವನ್ನೇ ಅಳೆದುಬಿಡುವುದೆಂದು ಹಟ ಹಿಡಿದರು.

ಸಾಹೇಬರು: ಸರಿ. ಬಾ ಇಲ್ಲಿ. ಕಾರಣ ಇಲ್ದೆ ಯಾಕೋ ಹುಟ್ಟಲ್ಲ. ಸೋರೋ ಪೈಪ್ ಹುಡುಕ್ತಾರಲ್ಲ, ಹಾಗೆ ಹುಡುಕಿ ಹಿಡೀತೀನಿ. ಅಡುಗೆಮನೇಲಿ ನಿಂತ್ಕೋ. ಅನ್ನಿಸ್ತಿದೆಯಾ?

ಟೀಚರಮ್ಮ: ಇಲ್ಲ. ಇಲ್ಲಿ ಹಿತವಾಗಿದೆ. ಒಳ್ಳೇ ಗಾಳಿ.

ಸಾಹೇಬರು: ಹಿಂದಿನ ಕೋಣೆ?

ಟೀಚರಮ್ಮ: ಇಲ್ಲೂ ಇಲ್ಲ. ಹೊಲಿಗೆ ಮಿಷನ್ ಇಲ್ಲಿ ಹಾಕ್ಕೋಬಹುದು. ಬೆಳಕು ಚೆನ್ನಾಗಿದೆ.

ಸಾಹೇಬರು: ಹಾಲ್‌ಗೆ ಬಾ. ಮೆಲ್ಲಗೆ ಬಾ. ಓಡಬೇಡ, ರೀಡಿಂಗ್ ತಪ್ಪುತ್ತೆ. ಇಲ್ಲಿ?

ಟೀಚರಮ್ಮ: ಇಲ್ಲಿ ಸ್ವಲ್ಪ.

ಸಾಹೇಬರು: ಎಷ್ಟು ಸ್ವಲ್ಪ?

ಟೀಚರಮ್ಮ: ಉಪ್ಪು ನೋಡೋಕೆ ಅಂಗೈಗೆ ಹಾಕ್ಕೊಳ್ತೀವಲ್ಲ, ಅಷ್ಟು.

ಸಾಹೇಬರು: ಇನ್ನೆರಡು ಹೆಜ್ಜೆ ಈ ಕಡೆ. ಈಗ?

ಟೀಚರಮ್ಮ: ಈಗ ಜಾಸ್ತಿ. ರೀ, ಇಲ್ಲಿ ತುಂಬಾ ಇದೆ! ಈ ಗೋಡೆ ಹತ್ರ!

ಸಾಹೇಬರು ಗೆದ್ದವರಂತೆ ಹೆಂಡತಿಯ ಕೈಚೀಲದಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಒಂದು ಸುತ್ತು ಬರೆದರು. ಸುತ್ತಿನ ಆ ಪಕ್ಕದಲ್ಲೇ, ಗೋಡೆಗೆ ಬೆನ್ನು ಕೊಟ್ಟು, ಬ್ರೋಕರ್ ಹಲ್ಲು ಕಿರಿಯುತ್ತ ನಿಂತಿದ್ದ.

ಸಾಹೇಬರು: ಹೂಂ, ಸಿಕ್ತು! ಗೋಡೆ ಒಳಗೆ ತೇವ ಇರುತ್ತೆ. ಮೇಲೆ ಬಣ್ಣ ಬಳಿದಿದಾರೆ. ನಿನ್ನ ಮೂಗಿಗೆ ವಾಸನೆ ಬಡಿದಿದೆ, ನಿನಗೇ ಗೊತ್ತಾಗಿಲ್ಲ ಅಷ್ಟೇ. ರೀ, ಸ್ವಲ್ಪ ಸರೀರಿ, ಗೋಡೆ ತಟ್ಟಿ ನೋಡ್ಬೇಕು.

ಬ್ರೋಕರ್: ತೇವ ಗೀವ ಏನಿಲ್ಲ ಸಾರ್.

ಸಾಹೇಬರು: ಸರೀರಿ ಅಂದೆ.

ಬ್ರೋಕರ್: ಸೊಂಟ ಹಿಡ್ಕೊಂಡಿದೆ ಸಾರ್. ಗೋಡೆ ಬಿಟ್ರೆ ನಿಲ್ಲೋಕಾಗಲ್ಲ.

ಸಾಹೇಬರು: ಹಾಗಿದ್ರೆ ಗೋಡೆ ಹಿಡ್ಕೊಂಡೇ ಸರೀರಿ!

ಬ್ರೋಕರ್ ಬೆನ್ನು ಮಾತ್ರ ಗೋಡೆಯಿಂದ ಬಿಡಿಸದೆ, ಏಡಿಯಂತೆ ಅಡ್ಡಡ್ಡ ನಡೆದು ಮೂಲೆ ಸೇರಿದ. ಸಾಹೇಬರು ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು, ಅಂಗೈ ಒತ್ತಿದರು, ಮೂಸಿದರು. ಗೋಡೆ ಬೆಳ್ಳಗೆ, ಒಣಗಿ, ಗಟ್ಟಿಯಾಗಿತ್ತು.

ಸಾಹೇಬರು: ತೇವ ಇಲ್ವಲ್ಲ! ಇನ್ನೊಂದ್ಸಲ ನಿಂತ್ಕೋ. ಸುತ್ತಿನೊಳಗೆ. ಎಷ್ಟಿದೆ?

ಟೀಚರಮ್ಮ: ಈಗ ಇಲ್ಲಿ ಕಮ್ಮಿ ಆಯ್ತು ರೀ.

ಸಾಹೇಬರು: ಕಮ್ಮಿ ಆಯ್ತಾ? ಎಲ್ಲಿಗೆ ಹೋಯ್ತು?

ಟೀಚರಮ್ಮ: ಆ ಮೂಲೆಗೆ ಹೋಗಿದೆ.

ಸಾಹೇಬರು: ಯಾಕೋ ಓಡಾಡುತ್ತೇನೇ! ಬ್ರೋಕರೇ, ಆ ಮೂಲೆ ಬಿಡಿ.

ಬ್ರೋಕರ್ ಮತ್ತೆ ಏಡಿಯಾದ. ಮೂಲೆಯಿಂದ ಕಿಟಕಿಗೆ ಬಂದ. ಕಿಟಕಿಯ ಹತ್ತಿರ ಬೆಳಕು ಹೆಚ್ಚು ಎನ್ನಿಸಿತೋ ಏನೋ, ಅಲ್ಲಿಂದ ಗಡಿಬಿಡಿಯಲ್ಲಿ ಬಾಗಿಲ ಸಂದಿಗೆ ಬಂದ. ಸಾಹೇಬರು ಅವನ ಹಿಂದೆ ಸೀಮೆಸುಣ್ಣ ಹಿಡಿದು ಸುತ್ತಿನ ಮೇಲೆ ಸುತ್ತು ಬರೆಯುತ್ತ ಹೋದರು. ಅಷ್ಟು ಸಮತಟ್ಟಾದ ನೆಲ ನೋಡನೋಡುತ್ತ ಮಕ್ಕಳ ಕುಂಟೆಬಿಲ್ಲೆಯ ಅಂಗಳದಂತಾಯಿತು.

ಸಾಹೇಬರು: ಈಗ?

ಟೀಚರಮ್ಮ: ಬಾಗಿಲ ಹತ್ರ.

ಸಾಹೇಬರು: ಚಲಿಸೋ ಯಾಕೋ! ಇಂಥದ್ದು ನಮ್ಮ ಇಲಾಖೆ ಇತಿಹಾಸದಲ್ಲೇ ಇಲ್ಲ. ನೋಡೇ, ನಿನ್ನ ಅಂದಾಜು ಪೂರ್ತಿ ಬೊಗಳೆ ಅಂತ ರುಜುವಾತಾಯ್ತು. ಮನೇಲಿ ದೋಷ ಇದ್ದಿದ್ರೆ ಒಂದೇ ಕಡೆ ಇರಬೇಕಿತ್ತು. ಅದು ಹೀಗೆ ಕೈಕಾಲು ಬಂದಹಾಗೆ...

ಟೀಚರಮ್ಮ: ಸ್ವಲ್ಪ ಸುಮ್ಮನಿರ್ತೀರಾ?

ಟೀಚರಮ್ಮ ಕಣ್ಣು ಕಿರಿದು ಮಾಡಿ ಬ್ರೋಕರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಾಹೇಬರಿಗೆ ಆ ನೋಟದ ಪರಿಚಯವಿತ್ತು. ಫ್ರಿಜ್ಜಿನಲ್ಲಿಟ್ಟ ಸಿಹಿ ಕಮ್ಮಿಯಾದಾಗಲೆಲ್ಲ ಅದು ತಮ್ಮ ಮೇಲೆ ಬೀಳುತ್ತಿತ್ತು. ಅಪರಾಧಿ ತಾವಲ್ಲದಿದ್ದರೂ ಅವರು ಬಾಯಿ ಒರೆಸಿಕೊಂಡರು.

ಟೀಚರಮ್ಮ: ಬೇರೆ ಮನೆಗಳಲ್ಲಿ ನೀವು ನಮಗಿಂತ ಮುಂದೆ ಓಡೋರು. ಅಲ್ವಾ?

ಬ್ರೋಕರ್: ವಯಸ್ಸಾಯ್ತು ಮೇಡಂ.

ಟೀಚರಮ್ಮ: ಹೋದ ವಾರದಿಂದ ಈ ವಾರಕ್ಕಾ? ಕೈ ಎರಡೂ ಯಾಕೆ ಹಿಂದಿಟ್ಕೊಂಡಿದೀರಿ?

ಬ್ರೋಕರ್: ಮರ್ಯಾದೆ ಮೇಡಂ. ದೊಡ್ಡವರ ಮುಂದೆ ಹೀಗೇ ನಿಲ್ಲೋದು.

ಟೀಚರಮ್ಮ: ಬೆನ್ನಿಗೇನಾಗಿದೆ?

ಬ್ರೋಕರ್: ಏನಾಗಿಲ್ಲ... ಏನೂ ಆಗಿಲ್ಲ ಮೇಡಂ...

ಟೀಚರಮ್ಮ: ಯಾಕೋ! ಏನೋ ಅದು ಹಿಂದೆ? ತಿರುಗೋ ಆ ಕಡೆ!

ಇದು ಹೆಂಡತಿಯ ಯಾಕೋ ಆಗಿರಲಿಲ್ಲ, ಮೂರನೇ ಕ್ಲಾಸಿನ ಯಾಕೋ ಆಗಿತ್ತು. ಮದುವೆಗೆ ಬಂದ ಮಗಳಿದ್ದ, ನಗರದ ಅರ್ಧ ಬಾಗಿಲುಗಳ ಬೀಗದ ಕೈ ಇಟ್ಟುಕೊಂಡಿದ್ದ ಆ ಬ್ರೋಕರ್, ಏಕವಚನದ ಗೊಡವೆಯನ್ನೇ ಮರೆತು, ಬೆತ್ತ ಕಂಡ ಹುಡುಗನಂತೆ ಗಿರಕ್ಕನೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ತಾವು ಯಾಕೆ ತಿರುಗಿದೆವೆಂದು ತಿಳಿಯದಿದ್ದರೂ ಸಾಹೇಬರೂ ತಿರುಗಿದ್ದರು. ಮತ್ತೆ ಈ ಕಡೆ ಹೊರಳಿ ನೋಡುವಷ್ಟರಲ್ಲಿ ವಿಷಯ ಬಯಲಾಗಿತ್ತು. ಬ್ರೋಕರನ ಕಂದು ಪ್ಯಾಂಟು, ಮನುಷ್ಯ ಕೂರುವ ಜಾಗದಲ್ಲಿ, ಕಿಟಕಿ ತೆರೆದಂತೆ ಹರಿದು ಜೋತಾಡುತ್ತಿತ್ತು. ಒಳಗೆ ನೀಲಿ ಪಟ್ಟೆಯ ಚಡ್ಡಿ.

ಟೀಚರಮ್ಮ: ಅಯ್ಯೋ ಶಿವನೇ! ಇದೇನ್ರೀ ಇದು?

ಬ್ರೋಕರ್ (ಗೋಡೆಗೇ): ಗೇಟಿನ ಬೀಗ ಹೊರಗಿಂದ ತಿರುಗಲಿಲ್ಲ ಮೇಡಂ. ನೀವು ಬರೋ ಹೊತ್ತಿಗೆ ತೆಗೆದಿಡೋಣ ಅಂತ ಗೇಟು ಹಾರಿದೆ. ಹಾರಿದ್ದು ಸರಿಯಾಗೇ ಹಾರಿದೆ. ಪ್ಯಾಂಟು ಮಾತ್ರ ಅಲ್ಲೇ ಉಳ್ಕೊಂಡಿತು.

ಸಾಹೇಬರು ಜೇಬಿಗೆ ಕೈ ಹಾಕಿ ಗೇಟಿನ ಮೊನೆಯಲ್ಲಿ ಸಿಕ್ಕಿದ್ದ ಬಟ್ಟೆ ಚೂರನ್ನು ತೆಗೆದರು. ಒಂದು ಕಣ್ಣು ಮುಚ್ಚಿ, ದೂರದಿಂದಲೇ ಅದನ್ನು ತೂತಿನ ಎದುರು ಹಿಡಿದು ಹೊಂದಿಸಿ ನೋಡಿದರು.

ಸಾಹೇಬರು: ಕರೆಕ್ಟಾಗಿ ಕೂರುತ್ತೆ. ಒಂದೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಟೀಚರಮ್ಮ: ಆಗಿಂದ ಜೇಬಲ್ಲೇ ಇಟ್ಕೊಂಡು ಊರೆಲ್ಲಾ ಅಳೀತಿದ್ರಲ್ಲ ರೀ!

ಸಾಹೇಬರು: ನಾನು ಬಟ್ಟೆ ನೋಡಿದೆ, ಪ್ಯಾಂಟ್ ನೋಡಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಅದಿರಲಿ, ಈಗ ಒಪ್ಪಿಕೋ. ನಿನ್ನ ಯಾಕೋ ತಪ್ಪಾಯ್ತು. ಮನೇಲಿ ಏನೂ ದೋಷ ಇಲ್ಲ.

ಟೀಚರಮ್ಮ: ತಪ್ಪು ಹೇಗಾಗುತ್ತೆ? ಏನೋ ಮುಚ್ಚಿಡ್ತಿದಾರೆ ಅಂತ ಅನ್ನಿಸ್ತು. ಮುಚ್ಚಿಟ್ಟಿದ್ರು.

ಸಾಹೇಬರು: ಮನೆ ಬೇಡ ಅಂದೆಯಲ್ಲ?

ಟೀಚರಮ್ಮ: ಮುಚ್ಚಿಟ್ಟಿದ್ದು ಏನು ಅಂತ ಗೊತ್ತಿರಲಿಲ್ಲ, ಅದಕ್ಕೇ ಮನೆ ಮೇಲೆ ಹಾಕಿದೆ. ದಿನವಿಡೀ ಪೆನ್ಸಿಲ್ ಕದ್ದು ಬೆನ್ನ ಹಿಂದೆ ಬಚ್ಚಿಟ್ಕೊಳ್ಳೋ ಮಕ್ಕಳ ಜೊತೆ ಇರ್ತೀನಿ. ಕಳ್ಳತನದ ವಾಸನೆ ಸಿಗುತ್ತೆ ನನಗೆ. ಪೆನ್ಸಿಲ್ಲೋ ಪ್ಯಾಂಟೋ ಅಂತ ವಾಸನೇಲಿ ತಿಳಿಯುತ್ತಾ?

ಬ್ರೋಕರ್: ಕಳ್ಳತನ ಅನ್ಬೇಡಿ ಮೇಡಂ. ಮಾನ ಉಳಿಸ್ಕೊಳ್ತಿದ್ದೆ.

ಟೀಚರಮ್ಮ: ಪಾಪ, ಇಲ್ನೋಡಿ, ಈ ಚೀಲ ಸೊಂಟಕ್ಕೆ ಕಟ್ಕೊಳ್ಳಿ. ಈಗ ಯಾಕೋ ಎಲ್ಲೂ ಇಲ್ಲ. ಮನೆ ಚೆನ್ನಾಗಿದೆ. ಬೀಗದ ಕೈ ಕೊಡಿ.

ಬ್ರೋಕರ್ ಕೈಚೀಲವನ್ನು ಹಿಂಬದಿಗೆ ಕಟ್ಟಿಕೊಂಡು, ಮೊದಲ ಸಲ ಗೋಡೆ ಬಿಟ್ಟು ಹಾಲ್‌ನ ನಡುವೆ ಬಂದು, ಬೀಗದ ಕೈಯನ್ನು ಟೀಚರಮ್ಮನ ಕೈಗಿತ್ತ. ಭಾನುವಾರದ ಲಾರಿಗೆ ವಿಳಾಸ ಸಿಕ್ಕಿತು. ಸಾಹೇಬರು ಹಿಗ್ಗಬೇಕಾಗಿತ್ತು. ಅವರು ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು ಸೀಮೆಸುಣ್ಣದ ಧೂಳನ್ನು ಕೈಯಿಂದ ಉಜ್ಜುತ್ತಿದ್ದರು.

ಟೀಚರಮ್ಮ: ಮತ್ತೇನು ರೀ ಈಗ? ಮನೆ ಸಿಕ್ತಲ್ಲ?

ಸಾಹೇಬರು: ಮನೆ ಸಿಕ್ತು. ಕಾರಣ ಸಿಗಲಿಲ್ಲ. ನೀನು ನನ್ನ ಸುಮ್ಮಸುಮ್ಮನೆ ಒಪ್ಕೊಂಡೆ. ನಾನಾದರೋ ಪ್ರತಿಯೊಂದಕ್ಕೂ ಕಾರಣ ಇಟ್ಕೊಂಡು ನಿನ್ನ ಒಪ್ಕೊಂಡೆ.

ಟೀಚರಮ್ಮ: ಹೌದಾ? ಹೇಳಿ, ಕೇಳೋಣ.

ಸಾಹೇಬರು: ನಿಮ್ಮನೆ ಗಡಿಯಾರ. ನನ್ನ ಕೈಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷ ವ್ಯತ್ಯಾಸ ಇರಲಿಲ್ಲ. ಶಿಸ್ತಿನ ಮನೆ ಅಂತ ಆಗಲೇ ಬರ್ಕೊಂಡೆ.

ಟೀಚರಮ್ಮ: ಅದು ನಮ್ಮ ತಾತ ಹೋದಾಗಿನಿಂದ ನಿಂತಿತ್ತು ರೀ. ನೀವು ಬಂದ ಹೊತ್ತಿಗೆ ಸರಿಹೋಗಿದೆ ಅಷ್ಟೇ.

ಸಾಹೇಬರು: ನಿಂತಿತ್ತಾ? ...ಇರಲಿ. ನೀನು ಮಾತು ಕಮ್ಮಿ. ಅವತ್ತು ನನ್ನ ಎದುರು ಒಂದು ಮಾತಾಡಲಿಲ್ಲ. ಗಂಭೀರ ಸ್ವಭಾವ ಅಂದ್ಕೊಂಡೆ.

ಟೀಚರಮ್ಮ: ಗಂಟಲು ಕಟ್ಟಿತ್ತು. ಹಿಂದಿನ ದಿನ ಶಾಲೆ ಆಟೋಟದಲ್ಲಿ ಕಿರುಚಿ ಕಿರುಚಿ.

ಸಾಹೇಬರು: ಎತ್ತರ! ನನ್ನ ಭುಜಕ್ಕೆ ಸರಿಯಾಗಿ ಬರ್ತಿದ್ದೆ!

ಟೀಚರಮ್ಮ: ಮನೆಯೊಳಗೇ, ಸೀರೆ ಮರೇಲಿ, ಅಕ್ಕನ ಹೈ ಹೀಲ್ಸ್. ಮದುವೆ ದಿನ ನಾನು ಎಷ್ಟಿದ್ದೆನೋ ಅಷ್ಟೇ ಆದೆ. ನೀವು ಗಮನಿಸಲೇ ಇಲ್ಲ.

ಅಂಗಡಿಯವರ ಬೆವರಿಳಿಸುವ ಮನುಷ್ಯನ ಹಣೆಯಲ್ಲೇ ಈಗ ಬೆವರು ಮೂಡಿತ್ತು. ಟೀಚರಮ್ಮ ಬಂದು ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತರು.

ಟೀಚರಮ್ಮ: ನನ್ನ ಕಾರಣ ಈಗ ಹೊಳೀತಿದೆ ನೋಡಿ. ಅವತ್ತು ನೀವೂ ಕೈ ಎರಡೂ ಹಿಂದಿಟ್ಕೊಂಡಿದ್ರಿ.

ಸಾಹೇಬರು: ನಾನಾ?

ಟೀಚರಮ್ಮ: ಕಾಫಿ ಕೊಟ್ರೆ ಲೋಟ ಹಿಡಿಯೋಕಾಗದಷ್ಟು ನಡುಗ್ತಿತ್ತು ಕೈ. ಅದನ್ನ ಮುಚ್ಚಿಡೋಕೆ ಕಾಫಿ ಕುಡಿಯೋ ಅಭ್ಯಾಸವೇ ಇಲ್ಲ ಅಂತ ಸುಳ್ಳು ಹೇಳಿದ್ರಿ. ನಿಮಗೆ ಕಾಫಿ ಇಲ್ದೆ ಬೆಳಗೇ ಆಗಲ್ಲ! ಪೆನ್ಸಿಲ್ ಬಚ್ಚಿಡೋ ಹುಡುಗರು ಬೇರೆ, ಹೆದರಿಕೆ ಬಚ್ಚಿಡೋ ಹುಡುಗರು ಬೇರೆ. ಎರಡನೇ ಥರದವರು ಒಳ್ಳೇವರು. ಅಷ್ಟೇ ಇರಬೇಕು ನನ್ನ ಯಾಕೋ.

ಸಾಹೇಬರಿಗೂ ಈಗ ನೆನಪಾಯಿತು. ಅವತ್ತು ಬಾಗಿಲು ತೆರೆದವಳು ಇವಳೇ. ತೆರೆದವಳ ಮುಖವನ್ನು ಒಂದು ಸಲ ನೋಡಿದ ಮೇಲೆ ಮತ್ತೆ ನೋಡುವ ಧೈರ್ಯ ಬಾರದೆ ಕಣ್ಣು ಓಡಿಹೋಗಿ ಗಡಿಯಾರದ ಮೇಲೆ ಕೂತಿತ್ತು. ಶಿಸ್ತು, ಗಾಂಭೀರ್ಯ, ಎತ್ತರ ಎಲ್ಲ ಆಮೇಲೆ ಮನೆಗೆ ಹೋಗಿ ಜೋಡಿಸಿಕೊಂಡದ್ದು. ಆ ಮೊದಲ ಗಳಿಗೆಯಲ್ಲಿ ಅವರ ಬಳಿ ಯಾವ ಅಳತೆಗೋಲೂ ಇರಲಿಲ್ಲ. ಆದರೂ ಅವರಿಗೆ ಅಂಥ ಖುಷಿ ಜೀವನದಲ್ಲಿ ಮತ್ತೆ ಆಗಿರಲಿಲ್ಲ.

ಹಿಂದೆ ಕೈಚೀಲ ತೂಗಾಡಿಸಿಕೊಂಡು ನಿಂತಿದ್ದ ಬ್ರೋಕರನಿಗೆ ಈ ಕಥೆಯಲ್ಲಿ ಆಸಕ್ತಿ ಹುಟ್ಟಿಬಿಟ್ಟಿತ್ತು.

ಬ್ರೋಕರ್: ಅಲ್ಲ ಸಾರ್, ಗಡಿಯಾರ ನಿಂತಿತ್ತು, ಗಂಟಲು ಕಟ್ಟಿತ್ತು, ಚಪ್ಪಲಿ ಅಕ್ಕಂದು. ಹಾಗಿದ್ರೆ ನೀವು ಮೇಡಂನ ಒಪ್ಕೊಂಡಿದ್ದಾದ್ರೂ ಯಾಕೆ?

ಸಾಹೇಬರು ಹೆಂಡತಿಯ ಮುಖ ನೋಡಿದರು. ಆಮೇಲೆ ನಾಚಿಕೆಯಾಗಿ ಬ್ರೋಕರನ ಮುಖ ನೋಡುತ್ತ, ಬಹಳ ಮೆಲ್ಲಗೆ ಹೇಳಿದರು.

ಸಾಹೇಬರು: ಯಾಕೋ...

ಬ್ರೋಕರ್: ನೋಡಿದ್ರಾ ಮೇಡಂ! ಪ್ಯಾಂಟು ಹರಿದಿದ್ದೇ ತಡ, ಸಾರ್ ಕೂಡ ಏಕವಚನಕ್ಕೆ ಇಳಿದುಬಿಟ್ರು!